ಸಂಗ್ರಹ ಮತ್ತು ದಾಸೋಹ

ಶಿವಶರಣರು ಧನವನ್ನು ನಿಂದಿಸಿದವರಲ್ಲ. ಧನವು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಅದು ಬಂದ ದಾರಿ, ಅದು ಹೋಗುವ ದಾರಿ, ಇವೆರಡೇ ಅದರ ಗುಣವನ್ನು ನಿರ್ಣಯಿಸತಕ್ಕವು. ಧನವು ಬರುವ ದಾರಿ ಕಾಯಕವಾಗಿರಬೇಕು. ಹೋಗುವ ದಾರಿ ದಾಸೋಹವಾಗಿರಬೇಕು. ತನುವಿನ ಸೇವೆ ಗುರುವಿಗೂ, ಮನದ ಸೇವೆ ಲಿಂಗಕ್ಕೂ, ಧನದ ಸೇವೆ ಜಂಗಮಕ್ಕೂ ಸಲ್ಲಬೇಕೆಂಬುದು ವೀರಶೈವಾಚಾರದ ತಳಹದಿ. ಕಾಯಕದಿಂದ ಬಂದ ಧನವು ದಾಸೋಹಕ್ಕೆ ಹೋಗುವ ನಡುವೆ ಎಲ್ಲಿಯಾದರೂ ತಡೆದು ನಿಂತರೆ, ಆ ನಿಲುಗಡೆಗೆ ಸಂಗ್ರಹವೆಂದು ಹೆಸರು. ನಾಳೆಯ ಅನ್ನಕ್ಕೆ, ಮಕ್ಕಳ ವಿದ್ಯೆಗೆ, ರೋಗದ ಕಾಲಕ್ಕೆಂದು ಗೃಹಸ್ಥನು ಕೂಡಿಡುವುದು ಬೇರೆ. ಬೇಕೆಂಬುದು ಮುಗಿದ ಮೇಲೂ ಕೈಯು ಹಿಂದೆ ಸರಿಯದೆ ಕೂಡುತ್ತಲೇ ಹೋಗುವುದು ಬೇರೆ. ಇವೆರಡರ ಗಡಿಯನ್ನು ಗುರುತಿಸುವ ವಿವೇಕವೇ ಸಾಧಕನಿಗೆ ಬೇಕಾದುದು.

ಆ ವಿವೇಕವನ್ನು ಕಲ್ಯಾಣದಲ್ಲಿ ಕಲಿಸಿದವಳು ಅರಸನ ರಾಣಿಯಲ್ಲ, ಅಕ್ಕಿ ಆಯುವ ಮಾರಯ್ಯನ ಮಡದಿ ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುವುದು ಆ ದಂಪತಿಗಳ ಕಾಯಕವಾಗಿದ್ದಿತು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಲೆಯ ಬಳಿಗೆ ಒಯ್ಯಲಿಲ್ಲ. ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಅದು ಕದ್ದ ಅಕ್ಕಿಯಲ್ಲ, ಬೇಡಿ ತಂದ ಅಕ್ಕಿಯೂ ಅಲ್ಲ. ಶುದ್ಧ ಕಾಯಕದಿಂದ ಬಂದುದೇ. ಆದರೂ ಅಳತೆ ಮೀರಿದ ಕೂಡಲೆ ಅದು ಇನ್ನೊಬ್ಬರ ಪಾಲಾಯಿತೆಂದು ಆಕೆ ಅರಿತಿದ್ದಳು. ದುಡಿದು ಗಳಿಸಿದ್ದೆಂಬ ಒಂದೇ ಕಾರಣಕ್ಕೆ ಅಳತೆಯಿಲ್ಲದ ಸಂಗ್ರಹಕ್ಕೆ ಅಧಿಕಾರ ಬರುವುದಿಲ್ಲವೆಂಬ ಈ ಮಾತು ಇಂದಿನ ಲೋಕಕ್ಕೆ ಬಹು ಕಠಿಣವಾಗಿ ತೋರುವುದು ಸಹಜ.

ಹಿಡಿ ಅಕ್ಕಿಯ ವಿಷಯದಲ್ಲಿ ಈ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಸಿರಿವಂತನ ಭಂಡಾರದ ವಿಷಯದಲ್ಲಿ ತಿಳಿಯುವುದು ಕಷ್ಟ. ಏಕೆಂದರೆ ಅಲ್ಲಿ ಆಸೆಯು ತನ್ನ ನಿಜರೂಪದಲ್ಲಿ ಬರುವುದಿಲ್ಲ. ಕಲಾಭಿಮಾನ, ಇತಿಹಾಸದ ರಕ್ಷಣೆ, ಹಿರಿಯರ ಸ್ಮರಣೆ ಎಂಬ ಗೌರವದ ಉಡುಪನ್ನು ತೊಟ್ಟು ಬರುತ್ತದೆ. ಹಳೆಯ ಮೋಟಾರುಕಾರುಗಳನ್ನು ಕೊಂಡು ಕೂಡಿಡುವ ಹವ್ಯಾಸವು ಇದಕ್ಕೆ ತಕ್ಕ ನಿದರ್ಶನ. ಈ ಹವ್ಯಾಸವನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಿಂದಿನ ಆ ಕಾರುಗಳು ಕುಶಲ ಕರ್ಮಿಗಳ ಕೈಯಿಂದ ಮೂಡಿದವು. ತಗಡನ್ನು ಬಡಿದು ಬಾಗಿಸಿದವನು, ಮರದ ಚೌಕಟ್ಟನ್ನು ಜೋಡಿಸಿದವನು, ಚರ್ಮದ ಆಸನವನ್ನು ಹೊಲಿದವನು, ಇವರೆಲ್ಲರ ಕಾಯಕ ಅದರೊಳಗೆ ಅಡಗಿದೆ. ಅದನ್ನು ಗುಜರಿಯ ಪಾಲಾಗದಂತೆ ಉಳಿಸುವವನು ಕಾಯಕಕ್ಕೆ ಗೌರವ ತೋರಿದವನೇ ಸರಿ.

ಆದರೆ ಈ ಹವ್ಯಾಸದ ಬೆಲೆ ಕೊಂಡ ದಿನಕ್ಕೆ ಮುಗಿಯುವುದಿಲ್ಲ. ತಯಾರಿಕೆಯೇ ನಿಂತುಹೋದ ಬಿಡಿಭಾಗಗಳನ್ನು ಒಂದೊಂದಾಗಿ ಹೊಸದಾಗಿ ಮಾಡಿಸಬೇಕು. ತುಕ್ಕನ್ನು ತೆಗೆದು, ಬಣ್ಣ ಹಚ್ಚಿ, ಯಂತ್ರವನ್ನು ಬಿಚ್ಚಿ ಜೋಡಿಸುವಷ್ಟರಲ್ಲಿ ಕೊಂಡ ಬೆಲೆಯನ್ನು ಮೀರಿಸುವ ವೆಚ್ಚವಾಗುವುದೂ ಉಂಟು. ಅದಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದಿದೆ: ನಿಂತ ಕಾರು ಕೆಡುತ್ತದೆ. ಬಹುಕಾಲ ಓಡದಿದ್ದರೆ ಟೈರು ನಿಂತ ಕಡೆಯಲ್ಲಿಯೇ ಚಪ್ಪಟೆಯಾಗುತ್ತದೆ, ರಬ್ಬರು ಬಿರಿಯುತ್ತದೆ, ಪೆಟ್ರೋಲು ಅಂಟಾಗಿ ಕೊಳವೆಗಳಲ್ಲಿ ಕಟ್ಟುತ್ತದೆ, ಬ್ಯಾಟರಿ ಸಾಯುತ್ತದೆ. ಭಾರತ ಸರ್ಕಾರವು ೨೦೨೧ರಲ್ಲಿ ಹೊರಡಿಸಿದ ನಿಯಮಗಳಂತೆ, ಐವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ೨೦,೦೦೦ ರೂಪಾಯಿ ಶುಲ್ಕ ತೆತ್ತು ವಿಶೇಷ ನೋಂದಣಿ ಪಡೆಯಬಹುದು. ಆದರೆ ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಚಲಿಸುವುದಕ್ಕೆಂದೇ ಹುಟ್ಟಿದ ವಸ್ತು ಕ್ರಮಕ್ರಮವಾಗಿ ಸ್ಥಾವರವಾಗುತ್ತದೆ. ಸ್ಥಾವರಜಂಗಮಗಳ ಭೇದವನ್ನು ಬಲ್ಲ ಶರಣಸಂತತಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಧನಕ್ಕೂ ಇದೇ ಧರ್ಮ. ನಡೆಯುವ ಧನ ಹಲವರಿಗೆ ಜೀವನವಾಗುತ್ತದೆ. ನಿಂತ ಧನ ಒಡೆಯನಿಗೂ ಹೊರೆಯಾಗುತ್ತದೆ.

ಈ ಹವ್ಯಾಸವು ತನ್ನ ತುದಿಯನ್ನು ಮುಟ್ಟಿದರೆ ಏನಾಗುವುದೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ಚರಿತ್ರೆ ಸಾಕ್ಷಿಯಾಗಿದೆ. ಅಲ್ಲಿಯ ಅಲ್ಸಾಸ್ ಪ್ರಾಂತದ ಮುಲೂಸ್ ನಗರವು ನೂಲು ಬಟ್ಟೆಗಳ ಉದ್ಯಮಕ್ಕೆ ಹೆಸರಾದುದು. ಹಾನ್ಸ್ ಮತ್ತು ಫ್ರಿಟ್ಸ್ ಶ್ಲುಂಫ್ ಎಂಬ ಸೋದರರು ಆ ಸೀಮೆಯಲ್ಲಿ ಉಣ್ಣೆಯ ನೂಲಿನ ಗಿರಣಿಗಳನ್ನು ನಡೆಸಿ ಶ್ರೀಮಂತರಾದರು. ಅದೇ ಪ್ರಾಂತದ ಮೊಲ್ಸೈಮ್ ಎಂಬ ಊರಿನಲ್ಲಿ ಎತ್ತೋರೆ ಬುಗಾಟಿ ಎಂಬ ಯಂತ್ರಶಿಲ್ಪಿ ೧೯೦೯ರಿಂದ ಕಾರುಗಳನ್ನು ತಯಾರಿಸಿದ್ದನು. ಫ್ರಿಟ್ಸನಿಗೆ ಆ ಬುಗಾಟಿ ಕಾರುಗಳ ಮೇಲೆ ಅಪಾರ ಮೋಹ. ೧೯೬೦ರ ದಶಕದಲ್ಲಿ ಅವನು ದೇಶವಿದೇಶಗಳಿಗೆ ಪತ್ರ ಬರೆಸಿ ಕಾರುಗಳನ್ನು ಕೊಳ್ಳತೊಡಗಿದನು. ಒಂದೊಂದಾಗಿ ಕೊಳ್ಳುವುದು ಸಾಲದೆ ಬೇರೆಯವರ ಸಂಗ್ರಹವನ್ನೇ ಇಡಿಯಾಗಿ ಕೊಂಡನು. ಅಮೆರಿಕದ ಇಲಿನಾಯ್ ರಾಜ್ಯದ ಜಾನ್ ಷೇಕ್ಸ್‌ಪಿಯರ್ ಎಂಬಾತನಲ್ಲಿದ್ದ ಮೂವತ್ತು ಬುಗಾಟಿಗಳು ೧೯೬೪ರಲ್ಲಿ ರೈಲು ಹಡಗುಗಳ ಮೂಲಕ ಫ್ರಾನ್ಸಿಗೆ ಬಂದವು. ಒಟ್ಟು ಆರೇ ಆರು ತಯಾರಾಗಿದ್ದ, ಹನ್ನೆರಡು ಲೀಟರಿಗೂ ದೊಡ್ಡ ಎಂಜಿನ್ ಉಳ್ಳ, ಬುಗಾಟಿ ರೊಯಾಲ್ ಎಂಬ ಮಹಾಕಾರುಗಳಲ್ಲಿ ಎರಡು ಅವನ ಕೈಸೇರಿದವು. ಕೊನೆಗೆ ಕಾರುಗಳ ಸಂಖ್ಯೆ ನಾಲ್ಕುನೂರನ್ನು ದಾಟಿತು.

ಇವನ್ನೆಲ್ಲ ಇರಿಸಿದ್ದು ಮುಲೂಸಿನ ಒಂದು ಹಳೆಯ ನೂಲಿನ ಗಿರಣಿಯ ಕಟ್ಟಡದಲ್ಲಿ. ಒಳಗೆ ಅರಮನೆಯ ಬೀದಿಯಂತಹ ಸಾಲು ದೀಪಗಳು. ಪ್ಯಾರಿಸಿನ ಮೂರನೆಯ ಅಲೆಕ್ಸಾಂಡರ್ ಸೇತುವೆಯ ದೀಪಗಳ ಮಾದರಿಯಲ್ಲಿ ಎರಕ ಹೊಯ್ಯಿಸಿದ ನೂರಾರು ಕಂಬಗಳು. ನುರಿತ ಮೇಸ್ತ್ರಿಗಳು ವರ್ಷಗಟ್ಟಲೆ ಅಲ್ಲಿ ದುಡಿದರು. ಆದರೆ ಹೊರಗೆ ಬಾಯಿಬಿಡಕೂಡದೆಂದು ಅವರಿಗೆ ಕಟ್ಟಪ್ಪಣೆ. ಸೋದರರಿಗೆ ತಾಯಿಯ ಮೇಲೆ ಬಹಳ ಭಕ್ತಿ. ಆಕೆಯ ಹೆಸರಿನಲ್ಲಿ ಇದನ್ನು ಒಂದು ದಿನ ವಸ್ತುಸಂಗ್ರಹಾಲಯವಾಗಿ ತೆರೆಯಬೇಕೆಂಬುದು ಅವರ ಸಂಕಲ್ಪ. ಆ ಒಂದು ದಿನ ಮುಂದೆ ಮುಂದೆ ಹೋಗುತ್ತಲೇ ಇದ್ದಿತು. ಬಾಗಿಲು ಮುಚ್ಚಿಯೇ ಇದ್ದಿತು.

೧೯೭೦ರ ದಶಕದಲ್ಲಿ ಯುರೋಪಿನ ಬಟ್ಟೆಯ ಉದ್ಯಮಕ್ಕೆ ಕೆಟ್ಟಕಾಲ ಬಂದಿತು. ಗಿರಣಿಗಳು ನಷ್ಟಕ್ಕೆ ಸಿಲುಕಿದವು. ೧೯೭೬ರಲ್ಲಿ ಕೆಲಸಗಾರರನ್ನು ಮನೆಗೆ ಕಳುಹಿಸಲಾರಂಭಿಸಿದಾಗ ಮುಷ್ಕರವು ಹುಟ್ಟಿತು. ಸೋದರರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿದರು. ೧೯೭೭ರ ಮಾರ್ಚ್ ೭ರಂದು ಕೆಲಸಗಾರರು ಆ ಮುಚ್ಚಿದ ಕಟ್ಟಡವನ್ನು ಹೊಕ್ಕರು. ಗಿರಣಿಯಲ್ಲಿ ಕೂಲಿಗೆ ಹಣವಿಲ್ಲವೆಂದು ಕೇಳಿ ಕೇಳಿ ದಣಿದಿದ್ದವರ ಕಣ್ಣ ಮುಂದೆ, ಥಳಥಳಿಸುವ ನೂರಾರು ಕಾರುಗಳು ಸಾಲುಸಾಲಾಗಿ ನಿಂತಿದ್ದವು. ತಮ್ಮ ಬೆವರು ಎಲ್ಲಿಗೆ ಹೋಯಿತೆಂಬುದನ್ನು ಅವರು ಆ ದಿನ ಕಂಡರು.

ಇಲ್ಲಿ ವಿವೇಕಿಯು ಕ್ಷಣಕಾಲ ನಿಂತು ವಿಚಾರ ಮಾಡಬೇಕು. ಈ ಸೋದರರ ದೋಷ ಯಾವುದು? ಸುಂದರ ವಸ್ತುವನ್ನು ಪ್ರೀತಿಸಿದ್ದು ದೋಷವಲ್ಲ. ಅವರು ಉಳಿಸದಿದ್ದರೆ ಆ ಕಾರುಗಳಲ್ಲಿ ಎಷ್ಟೋ ನಾಶವಾಗುತ್ತಿದ್ದವು. ತಾಯಿಯನ್ನು ಸ್ಮರಿಸಿದ್ದು ದೋಷವಾಗುವುದುಂಟೆ? ಉದ್ಯಮಕ್ಕೆ ಬಂದ ಕೆಟ್ಟಕಾಲವನ್ನು ಅವರೊಬ್ಬರೇ ತಂದವರೂ ಅಲ್ಲ. ಕಾರುಗಳು ತಮ್ಮ ಸ್ವಂತವೆಂದು ಅವರು ವಾದಿಸಿದರು. ಆ ವ್ಯಾಜ್ಯ ಬಹುಕಾಲ ನಡೆಯಿತು. ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಲಕ್ಕಮ್ಮನ ನ್ಯಾಯಪೀಠದಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಇದು ಯಾರದೆಂದು ಆಕೆ ಕೇಳುವುದಿಲ್ಲ. ಇದು ಎಷ್ಟೆಂದು ಕೇಳುತ್ತಾಳೆ, ಇದರಲ್ಲಿ ಉಳಿದವರ ಪಾಲೆಲ್ಲಿ ಎಂದು ಕೇಳುತ್ತಾಳೆ. ಒಂದು ಕಾರಿನಲ್ಲಿ ಪ್ರೀತಿಯಿದೆ, ಹತ್ತರಲ್ಲಿ ಪಾಂಡಿತ್ಯವಿದೆ. ನಾನೂರರಲ್ಲಿ, ಅದೂ ಬೀಗ ಹಾಕಿದ ಕೋಣೆಯಲ್ಲಿ, ವಸ್ತುವಿಗಿಂತ ಹಿಡಿತವೇ ದೊಡ್ಡದಾಗಿದೆ. ಕಾರನ್ನು ಹಿಡಿದವನು ಕಾರಿನ ಕೈಗೆ ಸಿಕ್ಕಿದನು. ಗಿರಣಿಯು ಕುಸಿಯುತ್ತಿದ್ದಾಗ, ಹತ್ತಾರು ಕಾರುಗಳನ್ನು ಮಾರಿಯಾದರೂ ದುಡಿದವರ ಒಲೆಯನ್ನು ಉರಿಸೋಣವೆಂದು ಕೈ ಬಿಚ್ಚಲಾಗಲಿಲ್ಲ. ತಾಯಿಯ ಹೆಸರಿನ ಸ್ಮಾರಕಕ್ಕೆ ಸಾವಿರಾರು ತಾಯಂದಿರ ಆಶೀರ್ವಾದ ಸಿಕ್ಕಬಹುದಾಗಿದ್ದಿತು. ಆ ಸಮಯವು ಕಳೆದುಹೋಯಿತು. ಬಾಸೆಲಿನಲ್ಲಿಯೇ ಕುಳಿತ ಸೋದರರಿಗೆ ತಮ್ಮ ಭಂಡಾರದ ಒಡೆತನ ಮತ್ತೆ ದೊರೆಯಲಿಲ್ಲ. ಹಾನ್ಸನು ೧೯೮೯ರಲ್ಲಿಯೂ ಫ್ರಿಟ್ಸನು ೧೯೯೨ರಲ್ಲಿಯೂ ತೀರಿಕೊಂಡರು.

ಇನ್ನು ಕೆಲಸಗಾರರ ನಡತೆಯನ್ನು ನೋಡಬೇಕು. ಅವರಿಗೆ ಕೋಪ ಬರುವುದಕ್ಕೆ ಕಾರಣವಿದ್ದಿತು. ಆದರೂ ಅವರು ಆ ಸಂಗ್ರಹವನ್ನು ನಾಶಮಾಡಲಿಲ್ಲ. ಸುಮಾರು ಎರಡು ವರ್ಷಗಳ ಕಾಲ ಅದನ್ನು ತಮ್ಮ ವಶದಲ್ಲಿಟ್ಟುಕೊಂಡು, ಬಾಗಿಲು ತೆರೆದು, ಬಂದವರಿಗೆಲ್ಲ ತೋರಿಸಿದರು. ೧೯೭೮ರಲ್ಲಿ ಫ್ರಾನ್ಸ್ ಸರ್ಕಾರವು ಅದನ್ನು ಚಾರಿತ್ರಿಕ ಸ್ಮಾರಕವೆಂದು ಗುರುತಿಸಿ, ಕಾರುಗಳು ಚದುರಿಹೋಗದಂತೆ ತಡೆಯಿತು. ೧೯೮೧ರಲ್ಲಿ ಒಂದು ಸಾರ್ವಜನಿಕ ಸಂಘವು ೪ ಕೋಟಿ ೪೦ ಲಕ್ಷ ಫ್ರಾಂಕುಗಳಿಗೆ ಅದನ್ನು ಕೊಂಡಿತು. ೧೯೮೨ರಲ್ಲಿ ವಸ್ತುಸಂಗ್ರಹಾಲಯವು ವಿಧಿವತ್ತಾಗಿ ತೆರೆಯಿತು. ಇಂದು ಶಾಲೆಯ ಮಕ್ಕಳೂ ಅಲ್ಲಿ ಹೋಗಿ ಆ ಶಿಲ್ಪವನ್ನು ನೋಡಿ ಕಲಿಯಬಹುದು. ಅವೇ ಕಾರುಗಳು, ಅವೇ ದೀಪಗಳು; ಒಂದು ಕೂಡ ಬದಲಾಗಬೇಕಾಗಲಿಲ್ಲ. ಬದಲಾದುದು ಬಾಗಿಲು ಮಾತ್ರ. ಮುಚ್ಚಿದ್ದಾಗ ಭಂಡಾರವಾಗಿದ್ದುದು ತೆರೆದಾಗ ಲೋಕಕ್ಕೆ ಉಪಕಾರವಾಯಿತು. ಆದರೆ ಅದು ತೆರೆಯುವ ಮುನ್ನ ಎಷ್ಟು ಮನೆಗಳ ಒಲೆ ಆರಿತೆಂಬುದನ್ನು ಮರೆತು ಆ ಸಾಲುಗಳ ನಡುವೆ ನಡೆಯುವುದು ಸಜ್ಜನರಿಗೆ ಸಾಧ್ಯವಿಲ್ಲ.

ಇದೇ ಹವ್ಯಾಸದಲ್ಲಿ ಬೇರೊಂದು ಬಗೆಯ ನಡೆಯೂ ಕಾಣಸಿಗುತ್ತದೆ. ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯು ೧೯೫೫ರಲ್ಲಿ ಎರಡೇ ಎರಡು ತಯಾರಿಸಿದ, ಊಲೆನ್‌ಹೌಟ್ ಎಂಬ ಶಿಲ್ಪಿಯ ಹೆಸರಿನ ಕಾರುಗಳನ್ನು ತನ್ನಲ್ಲಿಯೇ ಇರಿಸಿಕೊಂಡಿದ್ದಿತು. ೨೦೨೨ರ ಮೇ ತಿಂಗಳಲ್ಲಿ ಅವುಗಳಲ್ಲಿ ಒಂದನ್ನು ಹರಾಜಿಗೆ ಇಟ್ಟಾಗ ಅದು ೧೩ ಕೋಟಿ ೫೦ ಲಕ್ಷ ಯೂರೋಗಳಿಗೆ ಹೋಯಿತು. ಅದಕ್ಕೆ ಮುನ್ನ ಯಾವ ಕಾರೂ ಹರಾಜಿನಲ್ಲಿ ಅಷ್ಟು ಬೆಲೆಯನ್ನು ಕಂಡಿರಲಿಲ್ಲ. ಬಂದ ಹಣದಿಂದ ಸಂಸ್ಥೆಯು ವಿದ್ಯಾರ್ಥಿವೇತನಗಳ ನಿಧಿಯೊಂದನ್ನು ಸ್ಥಾಪಿಸಿತು. ಕೊಂಡವನ ಮನಸ್ಸಿನಲ್ಲಿ ಏನಿತ್ತೆಂಬುದು ಅವನಿಗೆ ಬಿಟ್ಟುದು. ಆದರೆ ನಿಂತಿದ್ದ ಒಂದು ಕಾರು ವಿದ್ಯೆಯಾಗಿ ನಡೆಯತೊಡಗಿತೆಂಬುದು ಗಮನಾರ್ಹ. ಕನ್ನಡನಾಡಿನಲ್ಲಿಯೂ ಧರ್ಮಸ್ಥಳಕ್ಕೆ ಹೋದ ಯಾತ್ರಿಕನು ಅಲ್ಲಿ ಕೂಡಿಸಿಟ್ಟ ಹಳೆಯ ಕಾರುಗಳನ್ನು ನೋಡಿ ಬರುತ್ತಾನೆ. ನಿತ್ಯ ಅನ್ನದಾನ ನಡೆಯುವ ಕ್ಷೇತ್ರದಲ್ಲಿ ಸಂಗ್ರಹದ ಬಾಗಿಲೂ ತೆರೆದಿರುವುದು ಉಚಿತವೇ ಆಗಿದೆ.

ಇಷ್ಟನ್ನು ಓದಿದ ಭಕ್ತನು, ಬುಗಾಟಿಯನ್ನು ಕೊಳ್ಳುವ ಶಕ್ತಿ ತನಗಿಲ್ಲವಾದ್ದರಿಂದ ಈ ಮಾತು ತನಗೆ ಸಲ್ಲದೆಂದು ಸಮಾಧಾನಪಟ್ಟುಕೊಳ್ಳಬಾರದು. ಸಂಗ್ರಹದ ಬುದ್ಧಿಗೆ ನಾನೂರು ಕಾರುಗಳೇ ಬೇಕಾಗಿಲ್ಲ. ಅಟ್ಟದ ಮೇಲೆ ಕಿಲುಬು ಹಿಡಿಯುತ್ತಿರುವ ಹಿತ್ತಾಳೆಯ ಹಂಡೆಗಳಲ್ಲಿಯೂ ಅದು ಇರುತ್ತದೆ. ಬ್ಯಾಂಕಿನ ಪೆಟ್ಟಿಗೆಯಲ್ಲಿ ವರ್ಷಕ್ಕೊಮ್ಮೆ ಬೆಳಕು ಕಾಣುವ ಒಡವೆಯಲ್ಲಿಯೂ ಇರುತ್ತದೆ. ಓದುವವರ ಕೈಗೆ ಕೊಡದೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ವಚನಗ್ರಂಥಗಳಲ್ಲಿಯೂ ಇರಬಹುದು. ಆದ್ದರಿಂದ ಏನನ್ನಾದರೂ ಕೂಡಿಡಲು ಹೊರಟವನು ಲಿಂಗಪೂಜೆಗೆ ಕುಳಿತಾಗ ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳುವುದು ಲೇಸು. ಮೊದಲನೆಯದು, ಇದಕ್ಕೆ ಕೊಟ್ಟ ಹಣದಲ್ಲಿ ದುಡಿದವನಿಗೆ ಸಲ್ಲಬೇಕಾದ ಬಾಕಿ ಏನಾದರೂ ಸೇರಿದೆಯೆ? ಎರಡನೆಯದು, ಇದರ ಬಾಗಿಲು ಇತರರಿಗೆ ತೆರೆದಿದೆಯೆ? ಮೂರನೆಯದು, ನೆರೆಯವನ ಕಷ್ಟಕಾಲದಲ್ಲಿ ಇದನ್ನು ಬಿಟ್ಟುಕೊಡುವ ಶಕ್ತಿ ತನಗಿದೆಯೆ?

ಈ ಮೂರರಲ್ಲಿ ಮೊದಲನೆಯದಕ್ಕೆ ಉತ್ತರ ತಪ್ಪಿದರೆ ಉಳಿದೆರಡು ಉಳಿಯಲಾರವು. ಹೊಲದ ಆಳಿನ ಕೂಲಿ, ಅಂಗಡಿಯ ಹುಡುಗನ ಸಂಬಳ, ಮನೆಯ ಕೆಲಸದವಳ ತಿಂಗಳ ಹಣ, ಇವು ಸಲ್ಲುವ ದಿನಕ್ಕೆ ಸಲ್ಲದೆ ಕೊಂಡ ವಸ್ತುವು ಎಷ್ಟೇ ಅಪೂರ್ವವಾಗಿರಲಿ, ಅದರ ಹೊಳಪಿನಲ್ಲಿ ಇನ್ನೊಬ್ಬರ ಕಣ್ಣೀರು ಕಾಣುತ್ತದೆ. ಅಂತಹ ಹಣದಿಂದ ಮಠಕ್ಕೆ ಕಾಣಿಕೆ ಸಲ್ಲಿಸಿದರೂ ಅದು ದಾಸೋಹವಾಗಲಾರದು. ಏಕೆಂದರೆ ದಾಸೋಹವು ತನ್ನದನ್ನು ಕೊಡುವುದು, ಕೂಲಿಯಾದರೋ ಅವನದನ್ನು ಅವನಿಗೆ ಸಲ್ಲಿಸುವುದು. ಸಾಲ ತೀರಿದ ಮೇಲೆ ದಾನ. ಕೂಲಿ ಸಂದ ಮೇಲೆ ಹವ್ಯಾಸ. ಈ ಕ್ರಮವನ್ನು ತಪ್ಪದವನು ಒಂದು ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡು, ಅದನ್ನು ತಿದ್ದುವ ಮೇಸ್ತ್ರಿಗೆ ನ್ಯಾಯವಾದ ಪ್ರತಿಫಲವನ್ನಿತ್ತು, ಊರಿನ ಮಕ್ಕಳಿಗೆ ತೋರಿಸಿ ಸಂತೋಷಪಡಿಸಿದರೆ, ಅದನ್ನು ಆಕ್ಷೇಪಿಸುವ ಶರಣರಾರೂ ಇಲ್ಲ.

ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿದ್ದು ಅವನನ್ನು ಅವಮಾನಿಸಲೆಂದಲ್ಲ. ಅವನ ಕೈ ಹಗುರಾಗಲೆಂದು. ಕೈ ಹಗುರಾದವನಿಗೇ ಲಿಂಗವನ್ನು ಹಿಡಿಯಲು ಎಡೆಯಿರುತ್ತದೆ. ಕೂಡಿಟ್ಟವರಿಗೆ ಬಿಚ್ಚುವ ಬುದ್ಧಿಯನ್ನೂ, ದುಡಿದವರಿಗೆ ಸಲ್ಲಬೇಕಾದುದನ್ನು ಸಕಾಲದಲ್ಲಿ ಸಲ್ಲಿಸುವ ನೀತಿಯನ್ನೂ ಪರಶಿವನು ಸಕಲರಿಗೂ ಕರುಣಿಸಲಿ.