ಇವರು ನಿಮಗೇನಾಗಬೇಕು?

ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ನಾವು ಎಷ್ಟೊಂದು ನಿಜಗಳನ್ನು ಯೋಚಿಸದೆ ಆಡಿಬಿಡುತ್ತೇವೆ! ಮಗಳ ಮದುವೆಗೆ ಸೀರೆ ತೋರಿಸಿ, ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ಸಿಹಿ ಇಲ್ಲದ್ದು ಏನಾದರೂ ಇದೆಯೇ, ನಾಳೆ ಅಳಿಯಂದಿರು ಬರುತ್ತಾರೆ, ಒಳ್ಳೆಯ ಹಣ್ಣು ಆರಿಸಿಕೊಡಿ ಎನ್ನುತ್ತ ಗುರುತು ಪರಿಚಯವಿಲ್ಲದ ವ್ಯಾಪಾರಿಯೆದುರು ಅರ್ಧ ಸಂಸಾರವನ್ನೇ ಹರವುತ್ತೇವೆ. ಅವರೂ ತಮ್ಮ ಮನೆಯ ಮಾತೊಂದನ್ನು ಸೇರಿಸಿ, ಚಿಲ್ಲರೆ ಕೊಟ್ಟು ಕಳಿಸುತ್ತಾರೆ. ಹೀಗೆ ಅಳೆದು ತೂಗದೆ ಮಾತಾಡಬಲ್ಲದ್ದೂ ಒಂದು ಭಾಗ್ಯವೆಂದು ನಮಗೆ ತೋಚುವುದೇ ಇಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯದ ಲೇಕ್‌ವುಡ್‌ನಲ್ಲಿ 2012ರ ಜುಲೈನಲ್ಲಿ ಚಾರ್ಲಿ ಕ್ರೇಗ್ ಮತ್ತು ಡೇವಿಡ್ ಮಲಿನ್ಸ್ ಎಂಬಿಬ್ಬರು ಮಾಸ್ಟರ್‌ಪೀಸ್ ಕೇಕ್‌ಶಾಪ್ ಎಂಬ ಬೇಕರಿಗೆ ಹೋದರು. ಜೊತೆಯಲ್ಲಿ ಕ್ರೇಗ್ ಅವರ ತಾಯಿಯೂ ಇದ್ದರು. ಆ ರಾಜ್ಯದಲ್ಲಿ ಸಲಿಂಗ ವಿವಾಹಕ್ಕೆ ಆಗಿನ್ನೂ ಮಾನ್ಯತೆ ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾಗಿ, ಊರಿಗೆ ಮರಳಿ ಬಂಧುಮಿತ್ರರಿಗೆ ಔತಣ ಕೊಡುವುದೆಂದು ನಿಶ್ಚಯಿಸಿದ್ದರು. ಕೇಕು ಬೇಕಿತ್ತು ನಮ್ಮ ಮದುವೆಗೆ, ಎಂದರು. ಸಲಿಂಗಿಗಳ ಮದುವೆಗೆ ಕೇಕು ಮಾಡುವುದಿಲ್ಲ, ಹುಟ್ಟುಹಬ್ಬದ ಕೇಕು ಬೇಕಿದ್ದರೆ ಮಾಡಿಕೊಡುತ್ತೇನೆ, ಬಿಸ್ಕತ್ತು ಬೇಕಿದ್ದರೆ ಮಾರುತ್ತೇನೆ ಎಂದು ಮಾಲೀಕ ಜ್ಯಾಕ್ ಫಿಲಿಪ್ಸ್ ತಿಳಿಸಿದರು. ಕೇಕಿನ ಆಕಾರ, ಬಣ್ಣ, ಅದರ ಮೇಲಿನ ಬರಹ ಯಾವುದರ ಪ್ರಸ್ತಾಪವೂ ಬರುವ ಮೊದಲೇ ಮಾತು ಮುಗಿದಿತ್ತು.

ಅಲ್ಲಿ ಬೈಗುಳವಿಲ್ಲ, ಕತ್ತು ಹಿಡಿದು ಹೊರದಬ್ಬಿದ್ದಿಲ್ಲ. ಆದರೂ ಅವರಿಬ್ಬರು ದೂರು ಕೊಟ್ಟರು, ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟನ್ನು ಮುಟ್ಟಿತು. ಇಷ್ಟಕ್ಕೆ ಅಲ್ಲಿಯವರೆಗೂ ಹೋಗಬೇಕಿತ್ತೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವುದು ಬೇಡ. ಆದರೆ ಹೀಗೂ ಯೋಚಿಸಿ: ಅದೇ ಇಬ್ಬರು ಗೆಳೆಯನ ಹುಟ್ಟುಹಬ್ಬ ಎಂದೊಂದು ಸುಳ್ಳು ಹೇಳಿದ್ದರೆ ಅದೇ ಒಲೆಯ ಕೇಕು ಅವರ ಕೈ ಸೇರುತ್ತಿತ್ತು. ಸುಳ್ಳಿಗೆ ಸರಕು ಸಿಗುವ, ನಿಜಕ್ಕೆ ಸಿಗದ ಕಡೆ ಮನುಷ್ಯ ಏನನ್ನು ಕಲಿಯುತ್ತಾನೆ? ಮುಂದಿನ ಅಂಗಡಿಯ ಮೆಟ್ಟಿಲು ಹತ್ತುವಾಗಲೂ, ಅಲ್ಲಿ ಯಾರೂ ಏನೂ ಅನ್ನದಿದ್ದರೂ, ನಾಲಿಗೆಯ ತುದಿಗೆ ಬಂದದ್ದನ್ನು ಒಮ್ಮೆ ನುಂಗಿ ನೋಡುವುದನ್ನು ಕಲಿಯುತ್ತಾನೆ. ಹೆತ್ತ ತಾಯಿ ಪಕ್ಕದಲ್ಲಿ ಕೂತಿರುವಾಗ ಇಂಥ ಪಾಠ ಸಿಕ್ಕಿದರೆ ಅದರ ಭಾರ ಎಷ್ಟೆಂದು ತೂಗುವ ತಕ್ಕಡಿ ಯಾವ ನ್ಯಾಯಾಲಯದಲ್ಲೂ ಇರಲಾರದು.

ಫಿಲಿಪ್ಸ್ ಅವರ ಮನಸ್ಸಾಕ್ಷಿಯನ್ನು ಸೋಗು ಎನ್ನಲು ನನಗೆ ಮನಸ್ಸಿಲ್ಲ. ತಮ್ಮ ಧರ್ಮಕ್ಕೆ ಒಪ್ಪದ್ದೆಂದು ಹ್ಯಾಲೊವೀನ್ ಹಬ್ಬದ ಕೇಕನ್ನೂ ಅವರು ಮಾಡುತ್ತಿರಲಿಲ್ಲ. 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಅವರ ಪರವಾಗಿಯೇ ತೀರ್ಪಿತ್ತಿತು. ಅಂಗಡಿಯವರಿಗೆ ಹೀಗೆ ನಿರಾಕರಿಸುವ ಹಕ್ಕಿದೆಯೆಂದು ಅದು ಹೇಳಲಿಲ್ಲ; ದೂರು ವಿಚಾರಿಸಿದ ರಾಜ್ಯದ ಆಯೋಗ, ತಾನಾಡಿದ ಮಾತುಗಳಲ್ಲೂ, ಫಿಲಿಪ್ಸ್ ಅವರ ನಂಬಿಕೆಯನ್ನು ನಿಷ್ಪಕ್ಷಪಾತವಾಗಿ ಕಾಣಲಿಲ್ಲ ಎಂದಿತು. ನೊಂದವರ ಪರ ನಿಂತವರೂ ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೂ ಬೆಲ್‌ಫಾಸ್ಟ್‌ನ ಬೇಕರಿಯೊಂದರ ಪರ ನಿಂತಿತು. ಅಲ್ಲಿಯ ಗಿರಾಕಿ ಕೇಕಿನ ಮೇಲೆ ಸಲಿಂಗ ವಿವಾಹವನ್ನು ಬೆಂಬಲಿಸಿ ಎಂದು ಬರೆಸಲು 36.50 ಪೌಂಡ್ ಕೊಟ್ಟಿದ್ದರು. ಆ ಘೋಷಣೆಯನ್ನು ಯಾರೇ ಕೇಳಿದ್ದರೂ ಬೇಕರಿಯವರು ಬರೆಯುತ್ತಿರಲಿಲ್ಲ, ಅವರು ನಿರಾಕರಿಸಿದ್ದು ಗಿರಾಕಿಯನ್ನಲ್ಲ ಎಂಬ ಆ ಕೋರ್ಟಿನ ವಾದ ನನಗೆ ಒಪ್ಪಿಗೆಯಾಗುತ್ತದೆ. ನಾನು ನಂಬದ ಮಾತನ್ನು ನನ್ನ ಕೈಯಿಂದ ಬರೆಸುವುದು ಬೇರೆ, ನನ್ನ ಅಂಗಡಿಗೆ ಬಂದವರು ಯಾರೆಂದು ತಿಳಿದು ಮುಖ ತಿರುಗಿಸುವುದು ಬೇರೆ. ಲೇಕ್‌ವುಡ್‌ನಲ್ಲಿ ಬರಹದ ಮಾತೇ ಬಂದಿರಲಿಲ್ಲವಲ್ಲ!

ಬೇರೆ ಅಂಗಡಿ ಇರಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇತ್ತು, ಕೇಕೂ ಸಿಕ್ಕಿತು. ಈ ಪ್ರಶ್ನೆ ಕಿವಿಗೆ ಬಿದ್ದಾಗ ಕರ್ನಾಟಕದಲ್ಲಿ ಬೆಳೆದವರಿಗೆ ನಮ್ಮ ಹಳ್ಳಿಗಳ ಕ್ಷೌರದಂಗಡಿ ನೆನಪಾಗದೆ ಇರದು. ಅಲ್ಲಿ ದಲಿತರಿಗೆ ಕತ್ತರಿ ಎತ್ತದವರೂ ಪಟ್ಟಣಕ್ಕೆ ಹೋಗಿ ಮಾಡಿಸಿಕೊಳ್ಳಿ ಎಂದೇ ಹೇಳುತ್ತಿದ್ದರು. ಬೇರೆ ಲೋಟದಲ್ಲಿ ಚಹಾ ಕೊಟ್ಟ ಹೋಟೆಲುಗಳೂ ಚಹಾ ಇಲ್ಲವೆಂದೇನೂ ಅನ್ನಲಿಲ್ಲ. ಇದನ್ನೆಲ್ಲ ಉಂಡು ಬಲ್ಲವರಾದ್ದರಿಂದಲೇ ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಗಡಿಯ ಅರ್ಥವನ್ನು ಅಷ್ಟು ಅಗಲ ಮಾಡಿದರು. ಕೇಳಿ ಬಂದವರಿಗೆ ಸೇವೆ ಕೊಡಲು ಬಾಗಿಲು ತೆರೆದಿಟ್ಟ ಜಾಗವೆಲ್ಲ ಅಂಗಡಿಯೇ, ವೈದ್ಯರೂ ವಕೀಲರೂ ಅದರಲ್ಲಿ ಸೇರುತ್ತಾರೆ ಎಂಬುದು ಅವರ ಆಶಯ. ಧರ್ಮ, ಜಾತಿ, ಲಿಂಗಗಳ ಕಾರಣಕ್ಕೆ ಯಾರನ್ನೂ ಅಂಗಡಿ ಹೋಟೆಲುಗಳಿಂದ ದೂರ ಇಡಕೂಡದೆನ್ನುವುದು ಸಂವಿಧಾನದ 15ನೆಯ ವಿಧಿ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆದಾಗ, ಆ ವಿಧಿಯ ನೆರಳು ಸಲಿಂಗಿಗಳಿಗೂ ಸಲ್ಲುತ್ತದೆಂದು ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಇಂದೂ ಮಲ್ಹೋತ್ರಾ ಕಂಡರು.

ಆದರೂ ನಮ್ಮಲ್ಲಿ ಈ ಸಂಗತಿ ಬೀದಿಗೆ ಬೀಳುವುದು ಅಪರೂಪ. ಗಂಡು ಹೆಣ್ಣು ಜೊತೆಯಾಗಿ ಬಂದರೆ ಮದುವೆಯಾಗಿದೆಯೇ ಎಂದು ಕೇಳುವ ಲಾಡ್ಜಿನವರು ಇಬ್ಬರು ಗಂಡಸರಿಗೆ ಏನೂ ಕೇಳದೆ ಒಂದೇ ಕೋಣೆಯ ಬೀಗದ ಕೈ ಕೊಟ್ಟುಬಿಡುತ್ತಾರೆ. ಇದನ್ನು ನಮ್ಮ ಸಹನೆ ಎಂದು ಹೊಗಳುವುದುಂಟು. ಇರಬಹುದೇನೋ. ನನಗಂತೂ ಇದು ಬಾಯಿಬಿಡದಿರುವವರೆಗೆ ಮಾತ್ರ ಸಿಗುವ ಸಹನೆ ಅನ್ನಿಸುತ್ತದೆ. ಬಾಡಿಗೆ ಮನೆಯ ಯಜಮಾನರು ಒಂದು ದಿನ ಮೆಟ್ಟಿಲ ಮೇಲೆ ತಡೆದು, ಇವರು ನಿಮಗೇನಾಗಬೇಕು ಎಂದು ಸಹಜವಾಗಿಯೇ ಕೇಳುತ್ತಾರೆ. ಕಸಿನ್, ಆಫೀಸಿನವರು, ಊರಿನ ಕಡೆಯವರು ಎಂದೇನೋ ಉತ್ತರ ಹೊರಡುತ್ತದೆ.

2024ರ ಆಗಸ್ಟ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ, ಸಲಿಂಗಿ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಬ್ಯಾಂಕಿನ ಫಾರಮ್ಮಿನಲ್ಲಿ ಸಂಬಂಧ ಎಂಬ ಕಾಲಮ್ಮು ಇದ್ದೇ ಇರುತ್ತದೆ. ಇಬ್ಬರು ಹೆಂಗಸರು ಅದರ ಮುಂದೆ ಪೆನ್ನು ಹಿಡಿದು ತಡವರಿಸಿದಾಗ, ಕೌಂಟರಿನ ಆಚೆ ಕೂತವರು ಸುಮ್ಮನೆ ಸ್ನೇಹಿತೆ ಅಂತ ಬರೆದುಬಿಡಿ ಮೇಡಂ, ಯಾಕೆ ತೊಂದರೆ ಎನ್ನಬಹುದು. ಅದರಲ್ಲಿ ಕೆಟ್ಟ ಮನಸ್ಸಿಲ್ಲ, ಒಳ್ಳೆಯ ಮನಸ್ಸೇ ಇದೆ ಎನ್ನಿ. ಹಿಂದೆ ಸಾಲು ಬೆಳೆಯುತ್ತಿರುವಾಗ, ಬೇಡ ಸಾರ್, ಇದ್ದದ್ದನ್ನೇ ಬರೆಯುತ್ತೇವೆ ಎಂದು ಆ ಇಬ್ಬರಲ್ಲಿ ಒಬ್ಬರು ಹೇಳಿದರೆ, ಸಾಲಿನಲ್ಲಿ ನಿಂತ ನಾವು ಯಾವ ಕಡೆ ನೋಡುತ್ತೇವೆ?