ಆಟದ ಫೋಟೋ ಯಾರದು?

ಹಿಂದೆಲ್ಲ ಶಾಲೆಯ ಕ್ರೀಡಾಕೂಟ ನೋಡಲು ತಾಯಂದಿರು ಬರುತ್ತಿರಲಿಲ್ಲ. ಹೊಲ, ಮನೆ, ದನಕರು ಬಿಟ್ಟು ಮಕ್ಕಳ ಓಟ ನೋಡಲು ಯಾರಿಗೆ ಪುರುಸೊತ್ತಿತ್ತು? ಈಗ ಯಾದಗಿರಿ, ಶಹಾಪುರ, ಸುರಪುರದಂಥ ನಮ್ಮ ಊರುಗಳಲ್ಲೂ ಬರುತ್ತಾರೆ. ಬಂದು ಮೈದಾನದ ಗೆರೆಯ ಪಕ್ಕ ನಿಲ್ಲುತ್ತಾರೆ. ಸೀಟಿ ಊದಿದ ಕೂಡಲೇ ಎಲ್ಲರ ಕೈ ಮೇಲೇಳುತ್ತದೆ, ಕೈಯಲ್ಲಿ ಫೋನು. ಓಟ ಮುಗಿಸಿ ಏದುಸಿರು ಬಿಡುತ್ತ ಬಂದ ಮಗು "ಅವ್ವಾ, ನೋಡಿದೇನು?" ಎಂದರೆ, "ತಡಿ, ಬಂದದೇನು ನೋಡ್ತೀನಿ" ಎಂದು ತಾಯಿ ಫೋನಿನೊಳಗೆ ಹುಡುಕುತ್ತಾಳೆ. ಮಗು ಎದುರಿಗೇ ನಿಂತಿರುತ್ತದೆ.

ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. 28 ವರ್ಷ ಮಕ್ಕಳ ನಡುವೆಯೇ ಕಳೆದ ನನಗೆ ಈ ಫೋಟೋಗಳ ವಿಷಯದಲ್ಲಿ ಒಂದು ಪ್ರಶ್ನೆ ಬಹಳ ದಿನದಿಂದ ಕಾಡುತ್ತಿದೆ. ಆಡುವ ಮಗುವಿನ ಚಿತ್ರವನ್ನು ನಾವು ಯಾರಿಗಾಗಿ ತೆಗೆಯುತ್ತೇವೆ? ತೆಗೆದ ಮೇಲೆ ಅದು ಯಾರದು?

ಮೊದಲಿಗೆ, ಇದೊಂದು ಸಣ್ಣ ಹವ್ಯಾಸ ಎಂದು ತಳ್ಳಿಹಾಕುವವರಿಗೆ ನಮ್ಮ ಕಾಲದ ಮಾತು ಹೇಳಬೇಕು. ನಾನು ಓದುವಾಗ ನಮ್ಮದಿನ್ನೂ ಗುಲ್ಬರ್ಗಾ ಜಿಲ್ಲೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಆಗ ಕ್ಯಾಮೆರಾ ಇದ್ದುದು ಸ್ಟುಡಿಯೋದಲ್ಲಿ. ಹಿಂದೆ ಪರದೆಯ ಮೇಲೆ ಬಣ್ಣದ ಸರೋವರ, ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ಹೆಣ್ಣುಮಗಳ ಫೋಟೋವನ್ನು ಮನಸ್ಸಿಟ್ಟು ತೆಗೆಸುತ್ತಿದ್ದುದು ಒಂದೇ ಸಲ, ವರನ ಕಡೆಯವರಿಗೆ ಕಳಿಸುವುದಕ್ಕೆ. ಗದ್ದ ಕೆಳಗೆ, ಜಡೆ ಮುಂದೆ, ಹೆಚ್ಚು ನಗುವಂತಿಲ್ಲ. ನೋಡುವವರು ಒಪ್ಪಬೇಕಾದ ಚಿತ್ರ ಅದು. ಶಾಲೆಯಲ್ಲಿ ಕ್ರೀಡಾಕೂಟದ ಗ್ರೂಪ್ ಫೋಟೋ ತೆಗೆಸಿದರೆ ನಡುವಿನ ಕುರ್ಚಿಯಲ್ಲಿ ಹೆಡ್‌ಮಾಸ್ತರರು, ಅವರ ಮುಂದೆ ಕಪ್ಪು, ಎರಡೂ ಬದಿಗೆ ಗೆದ್ದ ಹುಡುಗರು. ಕೊನೆಯವಳಾಗಿ ಓಡಿ ಬಂದವಳು ಯಾವ ಫೋಟೋದಲ್ಲೂ ಇರಲಿಲ್ಲ.

ಅದಕ್ಕೂ ಹಿಂದೆ ಹೋದರೆ, ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆ ಇತ್ತು. ಗರುಡಾದ್ರಿ ಮನೆತನದ ಕಲಾವಿದರ ಹೆಸರು ಇಂದಿಗೂ ಹೇಳುತ್ತಾರೆ. ಸೂಕ್ಷ್ಮ ಗೆರೆ, ಬಂಗಾರದ ಬಣ್ಣ. ಅಲ್ಲಿ ಮುಖ ಬರೆಸಿಕೊಳ್ಳುವ ಯೋಗ ದೇವರಿಗೆ, ಅರಸರಿಗೆ. ನಮ್ಮ ಓಣಿಯ ಹುಡುಗಿ ಖೋ ಖೋ ಆಡುವುದನ್ನು ಯಾರು ಬರೆಯಬೇಕಿತ್ತು? ಆದ್ದರಿಂದ ಇಂದು ಒಬ್ಬ ತಾಯಿ ಮೈದಾನದ ಅಂಚಿನಲ್ಲಿ ನಿಂತು ಮಗಳ ಓಟವನ್ನು ಹಿಡಿಯುತ್ತಾಳೆಂದರೆ, ತನ್ನ ಅವ್ವನಿಗೆ ಆಗದ ಕೆಲಸವೊಂದನ್ನು ಮಾಡುತ್ತಿದ್ದಾಳೆ. ಇನ್ನು ನಮ್ಮ ಭಾಗದ ಎಷ್ಟೋ ಅಪ್ಪಂದಿರು ದುಡಿಯಲು ಬೆಂಗಳೂರಿಗೋ ಮುಂಬೈಗೋ ಹೋದವರು. ಮಗಳು ಉದ್ದ ಜಿಗಿತದಲ್ಲಿ ಗಾಳಿಯಲ್ಲಿರುವ ಚಿತ್ರ ರಾತ್ರಿ ಅವರ ಫೋನಿಗೆ ತಲುಪುವುದು ಸಣ್ಣ ವಿಷಯವಲ್ಲ.

ಆ ಕೆಲಸವನ್ನು ತಾಯಿಯೇ ಮಾಡಿದರೆ ಚೆಂದ ಎಂದು ನನಗೆ ಅನ್ನಿಸುತ್ತದೆ. ಕೆಲವು ಶಾಲೆಗಳು ಫೋಟೋಗ್ರಾಫರನ್ನು ಕರೆಸುತ್ತವೆ. ಅವನಿಗೆ ಸಮಯವಿಲ್ಲ. ಬ್ಯಾಟು ಒಂದು, ಮಕ್ಕಳು ನಲವತ್ತು. ಎಂದೂ ಬ್ಯಾಟು ಮುಟ್ಟದವಳೂ ಅದನ್ನೇ ಹೆಗಲಿಗಿಟ್ಟು ನಿಲ್ಲಬೇಕು. ಓಡುವ ಮೊದಲು ಮಗಳು ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಗೆದ್ದರೆ ನಾಚುತ್ತಾಳೆ, ಸೋತರೆ ಜೋರಾಗಿ ನಗುತ್ತಾಳೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ತಾಯಿಗೆ ಗೊತ್ತು.

ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹತ್ತು ಗಂಟೆಯ ಮೇಲೆ ಸೂರ್ಯ ನೆತ್ತಿಗೆ ಬಂದರೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ಮಗುವಿನ ಕಣ್ಣೇ ಕಾಣುವುದಿಲ್ಲ. ಬೆಳಿಗ್ಗೆ ಎಂಟೂವರೆಯೊಳಗೆ ಅಥವಾ ಸಂಜೆ ಐದರ ನಂತರದ ಬೆಳಕು ಒಳ್ಳೆಯದು. ನಿಂತು ತೆಗೆದರೆ ಮಗು ಕುಳ್ಳಗೆ ಕಾಣುತ್ತದೆ. ಸೀರೆಗೆ ಮಣ್ಣಾದರೂ ಚಿಂತೆಯಿಲ್ಲ, ಮಂಡಿಯೂರಿ ಕುಳಿತು ಅದರ ಎದೆಯ ಮಟ್ಟಕ್ಕೆ ಫೋನು ಹಿಡಿಯಬೇಕು. ಶಹಾಪುರದ ಮಲಗಿದ ಬುದ್ಧನನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸರಿಯಾದ ಜಾಗದಲ್ಲಿ ನಿಂತರೆ ಗುಡ್ಡಗಳ ಸಾಲು ಮಲಗಿದ ಮನುಷ್ಯನಾಗುತ್ತದೆ, ಜಾಗ ತಪ್ಪಿದರೆ ಬರೀ ಕಲ್ಲುಬಂಡೆ. ಮಕ್ಕಳ ವಿಷಯವೂ ಹಾಗೆಯೇ, ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಹೋಗುತ್ತದೆ.

ಯಾವ ಗಳಿಗೆಯನ್ನು ಹಿಡಿಯಬೇಕೆಂಬುದೂ ಯೋಚಿಸುವ ಮಾತೇ. ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಒಬ್ಬಳು ಓಡಿದರೆ ಎಂಟು ಜನ ಕುಳಿತಿರುತ್ತಾರೆ. ಎಲ್ಲರೂ ಓಡುವವಳನ್ನು ತೆಗೆಯುತ್ತಾರೆ. ನನಗೆ ಇಷ್ಟವಾಗುವುದು ನೆಲಕ್ಕೆ ಬೆರಳೂರಿ, ಯಾವಾಗ ಬೆನ್ನ ಮೇಲೆ ಕೈ ಬಿದ್ದು 'ಖೋ' ಎಂದಾರೋ ಎಂದು ಉಸಿರು ಬಿಗಿಹಿಡಿದು ಕುಳಿತವಳ ಮುಖ. ಆಟವೆಲ್ಲ ಆ ಮುಖದಲ್ಲೇ ಇರುತ್ತದೆ.

ಕ್ಯಾಮೆರಾಕ್ಕೆ ನಮ್ಮ ಕಣ್ಣಿಗಿಂತ ಹೆಚ್ಚು ಕಾಣುತ್ತದೆ ಎಂಬುದು ನಿಜ. ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂಬುದನ್ನು 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ ಫೋಟೋ ತೆಗೆದೇ ತೋರಿಸಿದ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡಿನಲ್ಲಿ ಮುಗಿಸಿದರು. ಮೂರನೆಯವಳ ಸಮಯ 55.41. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಬರಿಗಣ್ಣು ಅಳೆಯಲಾರದ ಅಂತರವದು, ಯಂತ್ರದ ಕಣ್ಣೇ ಹೇಳಬೇಕಾಯಿತು. ಆದರೆ ಆ ಕಣ್ಣು ನ್ಯಾಯಾಧೀಶನದು, ಗೆರೆಯನ್ನು ಯಾರು ಮೊದಲು ಮುಟ್ಟಿದರು ಎಂದಷ್ಟೇ ನೋಡುತ್ತದೆ. ತಾಯಿ ಯಾಕೆ ಆ ಕುರ್ಚಿಯಲ್ಲಿ ಕೂರಬೇಕು? ಮಗು ಗೆದ್ದ ದಿನ ಹತ್ತಾರು ಫೋಟೋ ತೆಗೆದು, ಸೋತ ದಿನ ಫೋನನ್ನು ಚೀಲದೊಳಗೆ ಹಾಕಿಕೊಂಡರೆ, ಬಾಯಿ ಬಿಟ್ಟು ಒಂದು ಮಾತೂ ಆಡದೆ ನಾವು ಅದಕ್ಕೆ ಒಂದು ಪಾಠ ಹೇಳಿದಂತಾಯಿತು. ಗೆದ್ದರೆ ಮಾತ್ರ ನೀನು ನೋಡುವಂಥವಳು ಎಂಬ ಪಾಠ.

ಇನ್ನು ಎರಡನೆಯ ಪ್ರಶ್ನೆ. ಇದು ಕಠಿಣವಾದದ್ದು.

ನಾನು ಬಲ್ಲ ಒಬ್ಬ ಹುಡುಗಿ ಎಂಟನೆಯ ತರಗತಿಯಲ್ಲಿದ್ದಾಗ ಕಬಡ್ಡಿಯಲ್ಲಿ ತಾಲೂಕು ಮಟ್ಟಕ್ಕೆ ಹೋದಳು. ಚಡ್ಡಿ, ಟೀ ಶರ್ಟು, ಮೈತುಂಬ ಕೆಂಪು ಮಣ್ಣು. ಅವ್ವ ಹೆಮ್ಮೆಯಿಂದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಸಂಜೆಯಾಗುವುದರೊಳಗೆ ಸಂಬಂಧಿಕರೊಬ್ಬರ ಫೋನು. "ಇಷ್ಟು ದೊಡ್ಡಾಕಿ ಆಗ್ಯಾಳ, ಚಡ್ಡಿ ಹಾಕ್ಕೊಂಡು ಊರಿಗೆಲ್ಲ ತೋರಸ್ತೀರೇನು? ನಾಳೆ ಯಾರು ಕೇಳ್ಯಾರು ಇಕಿನ್ನ?" ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹುಡುಗಿ ಬರಲಿಲ್ಲ. "ನಾ ಖುಷೀಲೆ ಹಾಕಿದ್ದೆ ಟೀಚರ್ರೀ" ಎಂದು ತಾಯಿ ಕಣ್ಣೀರು ತೆಗೆದಳು. ಮಗಳು ಅಳಲಿಲ್ಲ. "ಫೋಟೋ ಹಾಕಿದಾಕಿ ಅವ್ವ, ಆಟ ಬಿಟ್ಟಾಕಿ ನಾನು" ಎಂದಳು.

ತಪ್ಪು ಆ ಸಂಬಂಧಿಕರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಡುವ ಹುಡುಗಿಯ ಕಾಲು ನೋಡಿ ಆಟ ನೋಡದವರ ಕಣ್ಣಿನ ದೋಷಕ್ಕೆ ಹುಡುಗಿ ಯಾಕೆ ಹೊಣೆ? ಈ ಕಣ್ಣಿನ ರೋಗ ನಮ್ಮೂರಿನದಷ್ಟೇ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳನ್ನೂ ಗಂಡಸರನ್ನೂ ಒಂದೇ ರೀತಿಯಲ್ಲಿ ತೋರಿಸಿ ಎಂದು ಪ್ರಸಾರದ ಮುಖ್ಯಸ್ಥರು ಕ್ಯಾಮೆರಾ ಹಿಡಿಯುವವರಿಗೆ ಹೇಳಬೇಕಾಗಿ ಬಂತು. ಹಾಗಿದ್ದರೂ ಆ ಹುಡುಗಿಯ ಮಾತನ್ನು ನಾನು ದಾಟಿ ಹೋಗಲಾರೆ. ಖುಷಿ ಒಬ್ಬರದಾಗಿ, ಬೆಲೆ ತೆರುವವರು ಇನ್ನೊಬ್ಬರಾದರೆ, ಬೆಲೆ ತೆರುವವರನ್ನು ಮೊದಲೇ ಒಂದು ಮಾತು ಕೇಳಬೇಕಲ್ಲವೇ?

ಕಾನೂನಿನಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸುವ ಮುನ್ನ ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಡಿಜಿಟಲ್ ವೈಯಕ್ತಿಕ ದತ್ತಾಂಶದ 2023ರ ಕಾಯ್ದೆ. ಮನೆಯವರು ಮನೆಯ ಬಳಕೆಗಾಗಿ ಮಾಡುವ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ಅಂದರೆ ಮಗುವಿನ ಕಾವಲುಗಾರರು ನಾವೇ. ಕಾವಲುಗಾರರು ಯಾರನ್ನು ಕೇಳಬೇಕು? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಕಿವಿಗೊಡಬೇಕೆಂದು ಅದರಲ್ಲಿದೆ. ಬಿ.ಎಡ್. ಓದಿದವರು ಪರೀಕ್ಷೆಗೆಂದು ಇಂಥವನ್ನು ಬಾಯಿಪಾಠ ಮಾಡುತ್ತೇವೆ. ಮನೆಗೆ ಬಂದರೆ ಮರೆಯುತ್ತೇವೆ.

"ಹೆತ್ತ ಮಗಳ ಫೋಟೋಕ್ಕೆ ಅಪ್ಪಣೆ ಕೇಳಬೇಕೇನ್ರೀ? ಊಟಕ್ಕೆ, ಔಷಧಕ್ಕೆ ಕೇಳ್ತೀವೇನು?" ಎಂದು ಗೆಳತಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಾತು ಹಗುರವಾದದ್ದಲ್ಲ. ನಾಲ್ಕು ವರ್ಷದ ಮಗುವನ್ನು ಕೇಳಿ ಏನು ಪ್ರಯೋಜನ? ಆದರೆ ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ, ಫೋಟೋ ಊರವರ ಕೈಗೆ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ತೆಗೆಯುವುದಕ್ಕೂ ಹಂಚುವುದಕ್ಕೂ ನಡುವೆ ಒಂದು ಹೊಸ್ತಿಲಿದೆ. ತೆಗೆಯುವುದು ತಾಯಿಯ ಪ್ರೀತಿಗೆ ಸೇರಿದ್ದು. ಹೊಸ್ತಿಲು ದಾಟಿಸುವಾಗ ಮಗುವಿಗೆ ತಿಳಿಯುವ ವಯಸ್ಸಾಗಿದ್ದರೆ ಅದರ ಮಾತೇ ನಡೆಯಬೇಕು. ತಿಳಿಯದ ವಯಸ್ಸಾದರೆ ಮನೆಯೊಳಗೇ ಇರಲಿ, ಅವಸರವೇನಿದೆ? ಗಂಡುಮಕ್ಕಳಿಗೂ ಇದೇ ಮಾತು. ಸೋತು ಅಳುವ ಹುಡುಗನ ಮುಖವನ್ನು ಗುಂಪಿನಲ್ಲಿ ಹಾಕಿ ನಗುವ ಮನೆಗಳೂ ಇವೆ.

ಹಾಗೆಂದು, ಜನರ ಬಾಯಿಗೆ ಹೆದರಿ ಹೆಣ್ಣುಮಕ್ಕಳ ಆಟದ ಫೋಟೋ ತೆಗೆಯುವುದೇ ಬೇಡ ಎಂದರೆ ಅದು ಇನ್ನೂ ದೊಡ್ಡ ಅನ್ಯಾಯ. ಬಚ್ಚಿಡುವವರೂ ಅವಳನ್ನು ಕೇಳುವುದಿಲ್ಲ, ಮೆರೆಸುವವರೂ ಕೇಳುವುದಿಲ್ಲ. ಕೇಳಿ ನೋಡಿ. "ಇದು ಇರಲಿ, ಇದು ಬ್ಯಾಡ, ಇದನ್ನ ಅಪ್ಪಗ ಅಷ್ಟೇ ಕಳಸು" ಎಂದು ಮಕ್ಕಳು ಎಷ್ಟು ಸ್ಪಷ್ಟವಾಗಿ ಹೇಳುತ್ತವೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಅವು ಆರಿಸುವುದು ಬಹುಮಾನ ಹಿಡಿದ ಚಿತ್ರವನ್ನೇ ಆಗಬೇಕೆಂದಿಲ್ಲ. ಗೆಳತಿಯ ಹೆಗಲ ಮೇಲೆ ಕೈಹಾಕಿ ನೀರು ಕುಡಿಯುವ ಚಿತ್ರವೂ ಆಗಬಹುದು.

ಆರಿಸಿದ್ದರಲ್ಲಿ ಒಂದೆರಡನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಅವಳ ಕೈಗೇ ಕೊಡಿ. ಫೋನು ಕೆಡುತ್ತದೆ, ಕಳೆಯುತ್ತದೆ. ನಮ್ಮ ಕಡೆ ಎಷ್ಟೋ ಹುಡುಗಿಯರ ಆಟ ಹತ್ತನೆಯ ತರಗತಿಗೇ ಮುಗಿಯುತ್ತದೆ, ಕೆಲವರದು ಅದಕ್ಕೂ ಮೊದಲೇ. ಮುಂದೊಂದು ದಿನ ಅವಳು ಗಂಡನ ಮನೆಗೋ, ನೌಕರಿಯ ಊರಿಗೋ ಹೋಗುವಾಗ ಪೆಟ್ಟಿಗೆಯಲ್ಲಿ ಸೀರೆ, ಪಾತ್ರೆಗಳ ಜೊತೆ ಆ ಚಿತ್ರವೂ ಇರಲಿ. ಯಾರೂ ಒಪ್ಪಲೆಂದು ತೆಗೆಸಿದ್ದಲ್ಲ ಅದು. ಕೆಂಪು ಮಣ್ಣಿನಲ್ಲಿ ಒಂದು ದಿನ ಅವಳು ಓಡಿದ್ದಳು ಎಂಬುದಕ್ಕೆ ಅವಳ ಹತ್ತಿರವೇ ಇರಬೇಕಾದ ಸಾಕ್ಷಿ.