ಮೃಗಯೆಯೂ ಅಜ್ಞಾನವೂ

ಕಾರ್ಕಳದ ಮೂಡಲಲ್ಲಿರುವ ಕುದುರೆಮುಖದ ಕಾಡು 1987ರಲ್ಲಿ ರಾಷ್ಟ್ರೀಯೋದ್ಯಾನವಾಯಿತು. ಕರಡಿಯ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾನೂನು ನಿಷೇಧಿಸಿರುವುದು. ಆದರೂ ಬೇಟೆಗಾರರ ಹಳೆಯ ನೆವವೊಂದು ವಿಚಾರಾರ್ಹವಾಗಿದೆ: “ಅರಿಯದೆ ಕೊಂದೆನು.”

ಗುರುತಿಲ್ಲದ ಕಾಡಿಗೆ ಹೊರಡುವವನು ದಾರಿ, ನೀರು, ಗಾಳಿಯ ದಿಕ್ಕು, ಮದ್ದುಗುಂಡು ಎಲ್ಲವನ್ನೂ ಮುಂದಾಗಿ ಎಣಿಸುವನು. ಪೊದೆಯ ಹಿಂದಿರುವುದನ್ನು ಮಾತ್ರ ಎಣಿಸಲಾರನು. ತಾಯಿಕರಡಿಯು ಮರಿಗಳನ್ನು ಬೆನ್ನಮೇಲೆ ಹೊತ್ತು ನಡೆಯುವುದು. ಕಪ್ಪುಗೂದಲಲ್ಲಿ ಅಡಗಿದ ಮರಿಯು ದೂರದ ಕಣ್ಣಿಗೆ ಕಾಣದು. ತಾಯಿಗೆ ಬಿದ್ದ ಗುಂಡು ಮರಿಯನ್ನೂ ಅನಾಥವಾಗಿಸುವುದು.

ದಶರಥನ ಗುರಿ ತಪ್ಪಲಿಲ್ಲ. ಕೊಡ ತುಂಬುವ ಸದ್ದನ್ನು ಆನೆಯದೆಂದು ಬಗೆದು, ನೋಡದೆಯೇ ಬಾಣ ಬಿಟ್ಟನು, ಮುನಿಕುಮಾರನು ಮಡಿದನು. ಕಾಣದೆಂಬುದು ಅವನಿಗೆ ತಿಳಿದೇ ಇದ್ದಿತು. ತಾನು ಅರಿಯೆನೆಂಬುದನ್ನು ಅರಿತೂ ಆಯುಧವೆತ್ತಿದವನಿಗೆ ಅಜ್ಞಾನವು ನೆವವಾದೀತೆ? ಕಾನೂನು ಕೈಯನ್ನು ತಡೆಯುವುದು. ಈ ವಿವೇಕವು ಮನಸ್ಸನ್ನು ತಡೆಯಬೇಕು.